ಹಳೆಯ ಸುಮೊದ ಬದಲಿಗೆ ಯಾವ ವಾಹನ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಕೂಡುಕುಟುಂಬದ ಮನೆಯ ಮುಂದೆ ಹಳೆಯ ಟಾಟಾ ಸುಮೊ ಒಂದು ನಿಂತಿದ್ದರೆ ಯಾರೂ ಅಚ್ಚರಿಪಡುವುದಿಲ್ಲ. 1994ರಲ್ಲಿ ಮಾರುಕಟ್ಟೆಗೆ ಬಂದ ಈ ವಾಹನಕ್ಕೆ ಹೆಸರು ದೊರೆತದ್ದು, ಅನೇಕರು ತಿಳಿದಿರುವಂತೆ, ಜಪಾನಿನ ಮಲ್ಲರಿಂದಲ್ಲ. ಟಾಟಾ ಸಂಸ್ಥೆಯ ವಾಹನೋದ್ಯಮವನ್ನು ಬೆಳೆಸಿದ ಸುಮಂತ ಮೂಳಗಾಂವಕರರ ಹೆಸರಿನ ಅಕ್ಷರಗಳಿಂದ ಅದು ಹುಟ್ಟಿತು. ಗಾಣಗಾಪುರದ ದತ್ತನ ದರ್ಶನಕ್ಕೆ, ಘತ್ತರಗಿಯ ಭಾಗ್ಯವಂತಿಯ ಜಾತ್ರೆಗೆ, ಆಳಂದದ ಲಾಡ್ಲೆ ಮಶಾಕರ ಉರುಸಿಗೆ, ಗಡಿಯಾಚೆಯ ತುಳಜಾಪುರ ಪಂಢರಪುರಗಳಿಗೆ ಮನೆಮಂದಿಯನ್ನೂ ಅವರ ಬುತ್ತಿ ಗಂಟುಗಳನ್ನೂ ಒಟ್ಟಿಗೆ ಹೊತ್ತೊಯ್ಯಲು ತಕ್ಕ ವಾಹನ ಇದಾಗಿತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ಎಂಬ ಹೊಗೆ ನಿಯಂತ್ರಣದ ನಿಯಮ ಜಾರಿಗೆ ಬಂದಿತು. ಅದಕ್ಕೆ ಮೊದಲೇ, 2019ರಲ್ಲಿ, ಸುಮೊದ ತಯಾರಿಕೆ ನಿಂತುಹೋಯಿತು. ಇದ್ದ ವಾಹನಗಳು ಈಗ ಒಂದೊಂದಾಗಿ ಹಳತಾಗುತ್ತಿವೆ. ಬದಲಿಗೆ ಏನನ್ನು ಕೊಳ್ಳತಕ್ಕದ್ದು?

ಬರಿಯ ಪ್ರಯಾಣಕ್ಕೆ ಬೇಕಾದ ವಾಹನವಾದರೆ ಈ ಪ್ರಶ್ನೆಗೆ ಭೌತವಿಜ್ಞಾನದ ನೆರವು ಬೇಕಿಲ್ಲ. ಅಂಗಡಿಯವನ ಬೆಲೆಪಟ್ಟಿಯೇ ಸಾಕು. ಆದರೆ ವಾಹನದ ಹಿಂದೆ ಇನ್ನೊಂದು ಬಂಡಿಯನ್ನು ಕಟ್ಟಿ ಎಳೆಯಬೇಕೆಂದರೆ ಮಾತು ಬೇರೆಯಾಗುತ್ತದೆ. ಟ್ರೇಲರ್ ಎಂದು ಕರೆಯುವ ಈ ಬಂಡಿಯನ್ನು ನಾವು ಈ ಲೇಖನದಲ್ಲಿ ಹಿಂಬಂಡಿ ಎನ್ನೋಣ. ಜನರೇಟರು, ನೀರಿನ ತೊಟ್ಟಿ, ಶಾಮಿಯಾನದ ಸಾಮಾನು ಇವನ್ನು ಹೊತ್ತ ಹಿಂಬಂಡಿಗಳು ನಮಗೆ ಪರಿಚಿತ. ಮಲಗಲು ಮಂಚ, ಅಡಿಗೆಗೆ ಒಲೆ, ತಲೆಯ ಮೇಲೆ ಸೂರು ಉಳ್ಳ ಹಿಂಬಂಡಿಯೂ ಉಂಟು. ಅದಕ್ಕೆ ಕ್ಯಾಂಪರ್ ಅಥವಾ ಕಾರವಾನ್ ಎಂದು ಹೆಸರು. ಅಮೆರಿಕದಲ್ಲಿ ಕುಟುಂಬದ ವಾಹನವೆಂದರೆ ಕ್ಯಾಂಪರನ್ನು ಎಳೆಯಬಲ್ಲ ವಾಹನವೆಂದೇ ಎಣಿಸುವವರು ಬಹಳ ಮಂದಿ. ಅಲ್ಲಿ ಫೋರ್ಡ್ ಎಕ್ಸ್‌ಕರ್ಷನ್ ಎಂಬ ಭಾರಿ ವಾಹನವು 2005ರ ಮಾದರಿಯೊಂದಿಗೆ ನಿಂತಿತು. ಷೆವರ್ಲೆ ಸಬರ್ಬನ್ನಿನ 2500 ಎಂಬ ಬಲವಾದ ಬಗೆಯನ್ನು ಸಾರ್ವಜನಿಕರಿಗೆ ಮಾರುವುದು 2013ರ ಮಾದರಿಗೆ ಕೊನೆಯಾಯಿತು. ಆ ಒಡೆಯರಿಗೂ ನಮ್ಮ ಸುಮೊದ ಒಡೆಯನಿಗೂ ಎದುರಾಗುವ ಪ್ರಶ್ನೆ ಒಂದೇ.

ಕ್ಯಾಂಪರ್ ಎಂಬ ಹೆಸರು ನಮ್ಮ ಸೀಮೆಗೆ ಹೊಸದಾದರೂ ವಸ್ತು ತೀರ ಹೊಸದಲ್ಲ. ಬಿದಿರಿನ ಕಮಾನು ಕಟ್ಟಿ, ತಟ್ಟಿ ಹೊದಿಸಿ, ಒಳಗೆ ಹುಲ್ಲು ಹಾಸಿ, ಮೇಲೆ ಕೌದಿ ಹರಡಿ ನಮ್ಮ ಅಜ್ಜಂದಿರು ಜಾತ್ರೆಗೆ ಹೊರಡುತ್ತಿದ್ದ ಕಮಾನು ಬಂಡಿಯನ್ನು ಮತ್ತೇನೆಂದು ಕರೆಯೋಣ? ಇಂದಿಗೂ ಕಬ್ಬಿನ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ, ನಮ್ಮವೇ ಆದ ತಾಂಡಾಗಳಿಂದ, ಕಬ್ಬು ಕಡಿಯುವ ಕುಟುಂಬಗಳು ಪಾತ್ರೆ ಪಡಗ, ಹಾಸಿಗೆ, ಎಳೆಯ ಮಕ್ಕಳು ಸಹಿತ ಟ್ರ್ಯಾಕ್ಟರಿನ ಹಿಂಬಂಡಿಯಲ್ಲಿ ಊರು ಬಿಟ್ಟು ಊರಿಗೆ ಹೋಗುತ್ತವೆ. ಅದು ವಿಹಾರವಲ್ಲ, ಹೊಟ್ಟೆಪಾಡು. ಆದರೂ ಮನೆಯೊಂದು ಗಾಲಿಗಳ ಮೇಲೆ ಇನ್ನೊಂದು ವಾಹನದ ಹಿಂದೆ ಎಳೆಯಲ್ಪಡುತ್ತಿದೆ ಎಂಬ ಮಟ್ಟಿಗೆ ಎರಡಕ್ಕೂ ಒಂದೇ ಗಣಿತ.

ಹೊಸ ವಾಹನವನ್ನು ಕೊಳ್ಳಹೋದವನು ಮೊದಲು ಕೇಳುವುದು “ಎಷ್ಟು ಹಾರ್ಸ್ ಪವರ್?” ಎಂದು. ನಾವೂ ಅಲ್ಲಿಂದಲೇ ಹೊರಡೋಣ. ಜನ ತುಂಬಿದ ಸುಮೊದ ದ್ರವ್ಯರಾಶಿಯನ್ನು 2400 ಕಿಲೋಗ್ರಾಂ ಎಂದೂ, ಅದರ ಹಿಂದಿನ ಕ್ಯಾಂಪರಿನದನ್ನು 1000 ಕಿಲೋಗ್ರಾಂ ಎಂದೂ ಇಟ್ಟುಕೊಳ್ಳೋಣ. ಒಟ್ಟು 3400 ಕಿಲೋಗ್ರಾಂ. ಒಳ್ಳೆಯ ಡಾಂಬರು ರಸ್ತೆಯಲ್ಲಿ ರಬ್ಬರು ಗಾಲಿಗಳು ಉರುಳುವಾಗ ಉಂಟಾಗುವ ತಡೆಯು ಒಟ್ಟು ತೂಕದ ಸುಮಾರು ನೂರರಲ್ಲಿ ಒಂದೂವರೆ ಪಾಲು. ಅಂದರೆ 3400 × 9.8 × 0.015, ಸುಮಾರು 500 ನ್ಯೂಟನ್. ಗಾಳಿಯ ತಡೆ ಇನ್ನೊಂದು. ಎತ್ತರವಾದ ಕ್ಯಾಂಪರ್ ಗಾಳಿಗೆ ಐದು ಚದರ ಮೀಟರಿನಷ್ಟು ಎದೆಯೊಡ್ಡುತ್ತದೆ ಎಂದು ಭಾವಿಸಿದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ತಡೆ ಸುಮಾರು 460 ನ್ಯೂಟನ್. ಎರಡೂ ಸೇರಿ 960. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ ಬರುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 16.7 ಮೀಟರ್, ಆದುದರಿಂದ ಬೇಕಾದುದು 16 ಕಿಲೋವಾಟ್, ಅಥವಾ ಸುಮಾರು 22 ಅಶ್ವಸಾಮರ್ಥ್ಯ.

ಸಮತಟ್ಟಾದ ರಸ್ತೆಯಾಯಿತು. ಏರು ಬಂದರೆ? ನಮ್ಮ ಮೂರು ತಾಲ್ಲೂಕುಗಳಲ್ಲಿ ಹೇಳಿಕೊಳ್ಳುವಂತಹ ಘಾಟುಗಳಿಲ್ಲ. ಭೀಮೆ, ಅಮರ್ಜಾ ಮತ್ತು ಹಳ್ಳಗಳ ದಡಗಳಲ್ಲಿ ರಸ್ತೆ ಇಳಿದು ಏರುತ್ತದೆ, ಅಷ್ಟೇ. ಆದರೆ ಸೋಲಾಪುರದಿಂದ ತುಳಜಾಪುರಕ್ಕೆ ಹೋಗುವವನು ಬಾಲಾಘಾಟದ ಬೆಟ್ಟವನ್ನು ಹತ್ತಲೇಬೇಕು. ಹದಿನೈದಕ್ಕೆ ಒಂದರಂತೆ ಏರುವ ರಸ್ತೆಯೆಂದು ಇಟ್ಟುಕೊಂಡರೆ, ಗುರುತ್ವವು ವಾಹನವನ್ನು ಹಿಂದಕ್ಕೆ ಜಗ್ಗುವ ಬಲವು ಒಟ್ಟು ತೂಕದ ಹದಿನೈದನೆಯ ಒಂದು ಪಾಲು, ಸುಮಾರು 2220 ನ್ಯೂಟನ್. ಉರುಳು ತಡೆಯನ್ನೂ ಗಾಳಿಯನ್ನೂ ಸೇರಿಸಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹತ್ತಬೇಕಾದರೆ ಸುಮಾರು 32 ಅಶ್ವಸಾಮರ್ಥ್ಯ ಸಾಕು. 2019ರವರೆಗೆ ತಯಾರಾಗುತ್ತಿದ್ದ ಸುಮೊ ಗೋಲ್ಡಿನ ಎಂಜಿನು 85 ಅಶ್ವಸಾಮರ್ಥ್ಯದ್ದು. 2020ರ ಬಿ.ಎಸ್. 6 ಮಹೀಂದ್ರಾ ಬೊಲೆರೊದ್ದು 75. ಟೊಯೊಟಾ ಇನ್ನೋವಾ ಕ್ರಿಸ್ಟಾದ 2.4 ಲೀಟರಿನ ಡೀಸೆಲ್ ಎಂಜಿನಿಗೆ 150. ಮೂರಕ್ಕೂ ಈ ಕೆಲಸ ಸಾಮರ್ಥ್ಯದ ದೃಷ್ಟಿಯಿಂದ ಸಾಧ್ಯ. ಅಂಗಡಿಯಲ್ಲಿ ಮೊಟ್ಟಮೊದಲು ಕೇಳಿದ ಪ್ರಶ್ನೆಯಿಂದ ವಾಹನಗಳಲ್ಲಿ ಆಯ್ಕೆ ಮಾಡಲು ಏನೂ ಸಹಾಯವಾಗಲಿಲ್ಲವೆಂದಾಯಿತು!

ಸಾಮರ್ಥ್ಯ ಬೇರೆ, ಬಲ ಬೇರೆ. ಇದನ್ನು ನಮ್ಮ ಎತ್ತುಗಳಿಂದ ಕಲಿಯಬಹುದು. ಒಂದು ಜೋಡಿ ಎತ್ತುಗಳ ತೂಕ 800 ಕಿಲೋಗ್ರಾಂ ಎಂದಾದರೆ, ದಿನವಿಡೀ ದಣಿಯದೆ ಎಳೆಯಬಲ್ಲ ಬಲವು ಅದರ ಸುಮಾರು ಹತ್ತನೆಯ ಒಂದು ಪಾಲು, ಎಂದರೆ ಹತ್ತಿರ ಹತ್ತಿರ 800 ನ್ಯೂಟನ್. ಸೆಕೆಂಡಿಗೆ 0.9 ಮೀಟರ್ ನಡೆದರೆ ಅವುಗಳ ಸಾಮರ್ಥ್ಯ 720 ವಾಟ್, ಬರಿಯ ಒಂದು ಅಶ್ವಸಾಮರ್ಥ್ಯ. ಆದರೂ ಅವೇ ಎತ್ತುಗಳು ಮೊಣಕಾಲುದ್ದ ಎರೆಮಣ್ಣಿನಲ್ಲಿ ಹೂತ ಬಂಡಿಯನ್ನು ಕೆಲವು ಗಳಿಗೆ ಉಸಿರು ಬಿಗಿಹಿಡಿದು, ಇದರ ಹಲವು ಪಟ್ಟು ಬಲ ಹಾಕಿ, ಹೊರಗೆಳೆಯುತ್ತವೆ. ಆ ಕ್ಷಣದಲ್ಲಿ ವೇಗವು ಸೊನ್ನೆಯ ಹತ್ತಿರ. ನಿಂತ ಭಾರವನ್ನು ಕದಲಿಸಲು ಬಲ ಬೇಕು. ಕದಲಿದುದನ್ನು ವೇಗವಾಗಿ ಒಯ್ಯಲು ಸಾಮರ್ಥ್ಯ ಬೇಕು.

ಎಂಜಿನಿನಲ್ಲಿ ಈ ಬಲಕ್ಕೆ ಸಂವಾದಿಯಾದುದು ತಿರುಗುಬಲ, ಅರ್ಥಾತ್ ಟಾರ್ಕ್. ಸುಮೊ ಗೋಲ್ಡಿನ ಎಂಜಿನು 250 ನ್ಯೂಟನ್ ಮೀಟರ್ ತಿರುಗುಬಲವನ್ನು ನಿಮಿಷಕ್ಕೆ 1000 ಸುತ್ತಿನಿಂದ 2000 ಸುತ್ತಿನವರೆಗೆ ಕೊಡುತ್ತಿತ್ತು. ಅದರ ಗುಣವೆಲ್ಲ ಆ ‘1000’ ಎಂಬ ಅಂಕೆಯಲ್ಲಿದೆ. ಗುಡುಗುಡು ಎಂದು ನಿಧಾನವಾಗಿ ತಿರುಗುತ್ತಿರುವಾಗಲೇ ಅದರ ಪೂರ್ಣ ತಿರುಗುಬಲ ಕೈಗೆ ಸಿಗುತ್ತದೆ. ಆ ವೇಗದಲ್ಲಿ ಅದರ ಸಾಮರ್ಥ್ಯವನ್ನು ಲೆಕ್ಕ ಹಾಕಿದರೆ ಸುಮಾರು 26 ಕಿಲೋವಾಟ್, ಎಂದರೆ 35 ಅಶ್ವಸಾಮರ್ಥ್ಯ. ಮೇಲಿನ ಘಾಟಿಗೆ ಬೇಕಾದುದಕ್ಕೆ ಹೆಚ್ಚುಕಡಿಮೆ ಸಮ. ಬೊಲೆರೊದ 210 ನ್ಯೂಟನ್ ಮೀಟರ್ ದೊರೆಯುವುದು 1600 ಸುತ್ತಿನಿಂದ 2200ರವರೆಗೆ. ಕ್ರಿಸ್ಟಾದ ಕೈಗೇರಿನ ಬಗೆಯಲ್ಲಿ 343 ನ್ಯೂಟನ್ ಮೀಟರ್, 1400ರಿಂದ 2800ರವರೆಗೆ. ಸುಮೊ ಓಡಿಸಿ ಪಳಗಿದವನು ಬೊಲೆರೊಗೆ ಬದಲಾದರೆ, ಭಾರ ಕಟ್ಟಿಕೊಂಡು ಹೊರಡುವಾಗ ಎಂಜಿನನ್ನು ಇನ್ನಷ್ಟು ತಿರುಗಿಸಬೇಕು, ಗೇರನ್ನು ಬೇಗ ಇಳಿಸಬೇಕು. ಇದು ದೋಷವಲ್ಲ, ಅಭ್ಯಾಸದ ಮಾತು. ಕೆಲವರು ಒಂದೇ ದಿನ ಓಡಿಸಿ “ಇದಕ್ಕೆ ದಮ್ಮಿಲ್ಲ” ಎಂದು ತೀರ್ಪು ಕೊಟ್ಟುಬಿಡುವುದುಂಟು. ಆ ತೀರ್ಪಿಗೆ ಅವಸರವೇ ಆಧಾರ.

ಇನ್ನು ಎಂಜಿನಿನಿಂದ ಗಾಲಿಯ ಕಡೆಗೆ ಬರೋಣ. ಮೊದಲನೆಯ ಗೇರಿನಲ್ಲಿ ತಿರುಗುಬಲವು ಒಟ್ಟು 16 ಪಟ್ಟು ಹೆಚ್ಚುತ್ತದೆ ಎಂದೂ, ಗಾಲಿಯ ತ್ರಿಜ್ಯ 0.35 ಮೀಟರ್ ಎಂದೂ ಭಾವಿಸಿದರೆ, ಹಲ್ಲುಚಕ್ರಗಳಲ್ಲಿ ಆಗುವ ನಷ್ಟ ಕಳೆದು, ಸುಮೊದ ಗಾಲಿಯು ನೆಲವನ್ನು ಹಿಂದಕ್ಕೆ ತಳ್ಳುವ ಬಲ 10,000 ನ್ಯೂಟನ್ನಿಗೂ ಸ್ವಲ್ಪ ಮೇಲು. ಆದರೆ ತಳ್ಳಿಸಿಕೊಳ್ಳಲು ನೆಲ ಒಪ್ಪಬೇಕಷ್ಟೆ! ಇಲ್ಲಿ ಘರ್ಷಣೆಯು ಬಾಗಿಲು ಕಾಯುವವನಂತೆ ಅಡ್ಡ ನಿಂತಿದೆ. ಚಾಲಕ ಗಾಲಿಗಳ ಮೇಲೆ ಬಿದ್ದ ತೂಕವನ್ನು ಘರ್ಷಣಾಂಕದಿಂದ ಗುಣಿಸಿದರೆ ಬರುವುದಕ್ಕಿಂತ ಹೆಚ್ಚಿನ ಬಲವನ್ನು ಯಾವ ಎಂಜಿನೂ ನೆಲಕ್ಕೆ ತಲುಪಿಸಲಾರದು. ಸುಮೊದ ಹಿಂದಿನ ಅಚ್ಚಿನ ಮೇಲೆ 1400 ಕಿಲೋಗ್ರಾಂ ಇದೆಯೆನ್ನಿ. ಒಣ ಡಾಂಬರಿನ ಮೇಲೆ ಘರ್ಷಣಾಂಕ 0.7, ಮಿತಿ 9600 ನ್ಯೂಟನ್. ಮಳೆ ಬಿದ್ದ ಎರೆಮಣ್ಣಿನಲ್ಲಿ ಅಂಕ 0.3ಕ್ಕೆ ಇಳಿಯಿತೆಂದರೆ ಮಿತಿ 4100 ನ್ಯೂಟನ್.

ಅದೇ ಮಣ್ಣಿನಲ್ಲಿ ಉರುಳು ತಡೆ ಎಷ್ಟಾಗುತ್ತದೆ ನೋಡಿ. ಆಳಂದ, ಅಫಜಲಪುರ ತಾಲ್ಲೂಕುಗಳ ಕೆಳಗೆ ಹಾಸಿರುವುದು ದಖನಿನ ಲಾವಾ ಶಿಲೆ. ಅದು ಶಿಥಿಲವಾಗಿ ಆದುದೇ ನಮ್ಮ ಕಪ್ಪು ಎರೆ. ಅದರ ಜೇಡಿಯ ಪದರಗಳ ನಡುವೆ ನೀರು ನುಸುಳಿದೊಡನೆ ಮಣ್ಣು ಉಬ್ಬುತ್ತದೆ, ಮೆದುವಾಗುತ್ತದೆ, ಗಾಲಿಗೆ ಮೆತ್ತಿಕೊಳ್ಳುತ್ತದೆ. ಗಾಲಿಯು ತಾನೇ ತೋಡಿದ ಗುಂಡಿಯಿಂದ ಸದಾ ಮೇಲೇರುತ್ತಿರಬೇಕಾಗುತ್ತದೆ. ಡಾಂಬರಿನ ಮೇಲೆ ತೂಕದ ನೂರರಲ್ಲಿ ಒಂದೂವರೆ ಪಾಲಿದ್ದ ತಡೆಯು ಇಲ್ಲಿ ಹದಿನೈದು ಪಾಲಿಗೆ ಏರಿದರೆ, 3400 ಕಿಲೋಗ್ರಾಮಿನ ನಮ್ಮ ಜೋಡಿಗೆ 5000 ನ್ಯೂಟನ್ ಬೇಕು. ಎಂಜಿನಿನಲ್ಲಿ ಹತ್ತು ಸಾವಿರ ಇದೆ. ಗಾಲಿಗೆ ಸಿಕ್ಕುವುದು ನಾಲ್ಕು ಸಾವಿರದ ನೂರು. ಬೇಕಾದುದು ಐದು ಸಾವಿರ. ಗಾಲಿ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಆಕ್ಸಿಲರೇಟರನ್ನು ಇನ್ನಷ್ಟು ತುಳಿದರೆ ಗುಂಡಿಯ ಆಳ ಹೆಚ್ಚುವುದೊಂದೇ ಫಲ. ನಾಲ್ಕೂ ಗಾಲಿಗಳಿಗೆ ಚಾಲನೆಯಿರುವ ವಾಹನವಾದರೆ 2400 ಕಿಲೋಗ್ರಾಮೂ ಹಿಡಿತಕ್ಕೆ ಒದಗುತ್ತದೆ. ಮಿತಿ 7000 ನ್ಯೂಟನ್ ಆಗುತ್ತದೆ. ಬಂಡಿ ಹೊರಗೆ ಬರುತ್ತದೆ. ಎಂಜಿನಿನ ಗಾತ್ರವನ್ನು ಕೂದಲೆಳೆಯಷ್ಟೂ ಹೆಚ್ಚಿಸದೆ ಸಾಧಿಸಿದ ಲಾಭವಿದು.

ಟ್ರ್ಯಾಕ್ಟರಿನ ರಹಸ್ಯವೂ ಇದೇ. ಹರಿಯಾಣದ ಪಿಂಜೋರಿನಲ್ಲಿ ಎಚ್.ಎಂ.ಟಿ. ಸಂಸ್ಥೆಯು ಚೆಕೊಸ್ಲೊವಾಕಿಯದ ಜೆಟರ್ ಕಂಪನಿಯ ನೆರವಿನಿಂದ 1971ರಲ್ಲಿ ಟ್ರ್ಯಾಕ್ಟರುಗಳನ್ನು ತಯಾರಿಸಲಾರಂಭಿಸಿದಾಗ ಅದರ ಮೊದಲ ಮಾದರಿಯದು 25 ಅಶ್ವಸಾಮರ್ಥ್ಯ ಮಾತ್ರ. ಇಂದಿನ ಸಣ್ಣ ಕಾರಿಗೂ ಅದರ ಎರಡರಷ್ಟು ಇರುತ್ತದೆ. ಆದರೆ ತೂಕದ ಬಹುಪಾಲು ಹಿಂದಿನ ದೊಡ್ಡ ಗಾಲಿಗಳ ಮೇಲೆ, ಗಾಲಿಗೆ ಅಗಲವಾದ ಹಲ್ಲು, ಗೇರಿನಲ್ಲಿ ವೇಗದ ಭಾರಿ ಇಳಿತ, ಇವು ಕೂಡಿ ಆ ಇಪ್ಪತ್ತೈದನ್ನೇ ಎರೆಹೊಲಕ್ಕೆ ಸಾಕಾಗುವಂತೆ ಮಾಡಿದವು. ಅಂದಹಾಗೆ, ಈ ಟ್ರ್ಯಾಕ್ಟರೂ ನಿಂತುಹೋದ ವಾಹನಗಳ ಪಟ್ಟಿಗೇ ಸೇರಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ ನಿರ್ಧರಿಸಿತು.

ಚಾಲನೆ ಯಾವ ಗಾಲಿಗೆ ಎಂಬುದು ಹೀಗೆ ಮುಖ್ಯವಾಗುವುದರಿಂದ, ಹೊಸ ವಾಹನಗಳಲ್ಲಿ ಆಗಿರುವ ಒಂದು ಬದಲಾವಣೆಯನ್ನು ಗಮನಿಸಬೇಕು. ಸುಮೊ, ಬೊಲೆರೊ, ಕ್ರಿಸ್ಟಾ ಇವು ಮೂರೂ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಮೈಯನ್ನು ಕೂರಿಸಿ, ಹಿಂದಿನ ಗಾಲಿಗಳಿಗೆ ಚಾಲನೆ ಕೊಟ್ಟ ವಾಹನಗಳು. 2022ರಲ್ಲಿ ಬಂದ ಇನ್ನೋವಾ ಹೈಕ್ರಾಸ್ ಹೆಸರಿನಲ್ಲಿ ಇನ್ನೋವಾ ಆದರೂ ರಚನೆಯಲ್ಲಿ ಬೇರೆ. ಪ್ರತ್ಯೇಕ ಚೌಕಟ್ಟಿಲ್ಲದೆ ಮೈಯೇ ಭಾರ ಹೊರುವ ಕಟ್ಟಡ. ಚಾಲನೆ ಮುಂದಿನ ಗಾಲಿಗಳಿಗೆ. ಪ್ರಯಾಣಿಕರಿಗೆ ಇದು ಹೆಚ್ಚು ಸುಖಕರ, ತೂಕವೂ ಮಿತ. ಎಳೆಯುವ ಕೆಲಸಕ್ಕೆ ಮಾತ್ರ ಒಂದು ತೊಡಕುಂಟು, ಅದನ್ನು ಸನ್ನೆಗೋಲಿನ ನಿಯಮದಿಂದ ಅರಿಯಬಹುದು.

ಹಿಂಬಂಡಿಯ ಮೂತಿಯು ವಾಹನದ ಹಿಂಬದಿಯ ಕೊಂಡಿಯ ಮೇಲೆ 80 ಕಿಲೋಗ್ರಾಮಿನಷ್ಟು ಒತ್ತುತ್ತಿದೆ ಎನ್ನೋಣ. ಕೊಂಡಿಯು ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಕ್ಕೆ. ಎರಡು ಅಚ್ಚುಗಳ ನಡುವಿನ ದೂರ, ಸುಮೊದಲ್ಲಿರುವಂತೆ, 2.4 ಮೀಟರ್. ಹಿಂದಿನ ಅಚ್ಚೇ ಸನ್ನೆಗೋಲಿನ ಆನಿಕೆ. ಕೊಂಡಿಯಲ್ಲಿ 80 ಇಳಿದರೆ ಮುಂದಿನ ಅಚ್ಚು 80 × 1.2 ÷ 2.4, ಅಂದರೆ 40 ಕಿಲೋಗ್ರಾಮಿನಷ್ಟು ಹಗುರಾಗುತ್ತದೆ. ಹಿಂದಿನ ಅಚ್ಚಿಗೆ 80ರ ಬದಲು 120 ಬೀಳುತ್ತದೆ. ಹಿಂಚಾಲನೆಯ ವಾಹನಕ್ಕೆ ಇದು ಹಿಡಿತವನ್ನು ಹೆಚ್ಚಿಸುವ ದಾನ. ಮುಂಚಾಲನೆಯದಕ್ಕೆ ಹಿಡಿತವನ್ನು ಕಳೆಯುವ ಸುಂಕ. ಏರಿನಲ್ಲಿ ತೂಕವು ಇನ್ನೂ ಹಿಂದಕ್ಕೆ ವಾಲುವುದರಿಂದ ಸುಂಕ ಮತ್ತಷ್ಟು ಏರುತ್ತದೆ. ಯಾವ ವಾಹನವೇ ಆಗಲಿ, ಅದರ ಕೈಪಿಡಿಯಲ್ಲಿ ಎಳೆಯುವ ಭಾರಕ್ಕೆ ಮಿತಿ ಹಾಕಿದ್ದರೆ ಅಥವಾ ಎಳೆಯಬಾರದೆಂದೇ ಬರೆದಿದ್ದರೆ, ಅಂತಹ ಮಾತಿನ ಎದುರು ನಮ್ಮ ನಿಮ್ಮ ಲೆಕ್ಕಗಳು ನಿಲ್ಲಲಾರವು. ಹಿಂಬಂಡಿಗೆ ಕಾನೂನೂ ಉಂಟು: 1988ರ ಮೋಟಾರು ವಾಹನ ಅಧಿನಿಯಮದ ದೃಷ್ಟಿಯಲ್ಲಿ ಟ್ರೇಲರೂ ಒಂದು ಮೋಟಾರು ವಾಹನವೇ, ಅದಕ್ಕೆ ತನ್ನದೇ ನೋಂದಣಿ ಬೇಕು.

ನಮ್ಮ ಬೇಸಗೆಯ ಬಗ್ಗೆ ಒಂದು ಮಾತು. ಎಂಜಿನಿನ ಶಾಖವನ್ನು ರೇಡಿಯೇಟರು ಹೊರಕ್ಕೆ ಚೆಲ್ಲುವ ದರವು ಅದರೊಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಗುಣ. ನೀರು 95 ಡಿಗ್ರಿ, ಗಾಳಿ 30 ಡಿಗ್ರಿ ಇದ್ದರೆ ಅಂತರ 65. ಮೇ ತಿಂಗಳ ಮಧ್ಯಾಹ್ನ ಗಾಳಿ 43ಕ್ಕೆ ಏರಿದರೆ ಅಂತರ 52 ಮಾತ್ರ. ತಂಪಾಗುವ ಶಕ್ತಿಯಲ್ಲಿ ಐದನೆಯ ಒಂದು ಪಾಲು ಹೋಯಿತು. ಬಿಸಿಲಿನಲ್ಲಿ ಭಾರ ಎಳೆಯುವವನಿಗೆ ಬೆಳಗಿನ ಜಾವದ ಪ್ರಯಾಣವೇ ಲೇಸು.

ಇದುವರೆಗೆ ಎಳೆಯುವ ಮಾತಾಯಿತು. ಎಳೆದುದನ್ನು ನಿಲ್ಲಿಸಬೇಕಲ್ಲ? ನನ್ನ ಮಟ್ಟಿಗೆ ವಾಹನದ ಆಯ್ಕೆ ನಿರ್ಧಾರವಾಗಬೇಕಾದುದು ಇಲ್ಲಿಯೇ. ಎಳೆಯಲಾರದ ವಾಹನವು ರಸ್ತೆಯ ಬದಿಯಲ್ಲಿ ನಿಂತು ನಮ್ಮನ್ನು ನಗೆಗೀಡುಮಾಡುತ್ತದೆ. ನಿಲ್ಲಲಾರದ ವಾಹನವು ಕೊಲ್ಲುತ್ತದೆ.

ಬ್ರೇಕಿನ ಬಲವೂ ಘರ್ಷಣೆಯ ಬಾಗಿಲನ್ನೇ ದಾಟಿ ಬರಬೇಕು. 2400 ಕಿಲೋಗ್ರಾಮಿನ ಸುಮೊ ಒಣ ಡಾಂಬರಿನ ಮೇಲೆ ಒಂಟಿಯಾಗಿರುವಾಗ, ಘರ್ಷಣಾಂಕ 0.7 ಆದರೆ, ಅದರ ವೇಗಾಪಕರ್ಷವು ಸೆಕೆಂಡಿನ ವರ್ಗಕ್ಕೆ 6.9 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಿಂದ ಪೂರ್ಣ ನಿಲ್ಲಲು 20 ಮೀಟರ್ ಸಾಕು. ಹಿಂದೆ 1000 ಕಿಲೋಗ್ರಾಮಿನ, ತನ್ನದೇ ಬ್ರೇಕಿಲ್ಲದ ಕ್ಯಾಂಪರನ್ನು ಕಟ್ಟಿದರೆ ಬ್ರೇಕಿನ ಬಲ ಅಷ್ಟೇ ಇದ್ದು ದ್ರವ್ಯರಾಶಿ 3400 ಆಗುತ್ತದೆ. ವೇಗಾಪಕರ್ಷ 4.8ಕ್ಕೆ ಇಳಿದು, ದೂರ 29 ಮೀಟರಾಗುತ್ತದೆ. ಮಳೆಯಲ್ಲಿ ಘರ್ಷಣಾಂಕ 0.4 ಆದರೆ ಈ ಎರಡು ದೂರಗಳು 35 ಮತ್ತು 50 ಮೀಟರುಗಳು. ಚಾಲಕನು ಅಪಾಯವನ್ನು ಕಂಡು ಕಾಲನ್ನು ಬ್ರೇಕಿನ ಮೇಲಿಡುವ ಒಂದು ಸೆಕೆಂಡಿನಲ್ಲಿ ಸಾಗುವ 17 ಮೀಟರನ್ನು ನಾನು ಇದಕ್ಕೆ ಸೇರಿಸಿಲ್ಲ. ವೇಗ 60ರ ಬದಲು 80 ಆದರೆ ಎಲ್ಲ ದೂರಗಳೂ ವರ್ಗದ ಅನುಪಾತದಲ್ಲಿ ಏರಿ, ಮಳೆಯ 50 ಮೀಟರು ಸುಮಾರು 90 ಆಗುತ್ತದೆ.

ಇನ್ನೂ ಒಂದು ಅಪಾಯ ಈ ಲೆಕ್ಕದೊಳಗೆ ಅಡಗಿದೆ. ಬ್ರೇಕಿಲ್ಲದ ಹಿಂಬಂಡಿಯನ್ನು ನಿಲ್ಲಿಸುವುದು ಕೊಂಡಿಯೊಂದೇ. ಅದು ಹಿಂಬಂಡಿಯನ್ನು ಹಿಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಹಿಂಬಂಡಿಯು 4800 ನ್ಯೂಟನ್ ಬಲದಿಂದ ವಾಹನದ ಬೆನ್ನನ್ನು ಮುಂದಕ್ಕೆ ನೂಕುತ್ತದೆ. ಎರಡೂ ಒಂದೇ ಸಾಲಿನಲ್ಲಿದ್ದರೆ ಸರಿ. ತಿರುವಿನಲ್ಲಿ ಇಂತಹ ನೂಕು ಬಿದ್ದರೆ ವಾಹನದ ಹಿಂಭಾಗ ಪಕ್ಕಕ್ಕೆ ಸರಿದು, ಜೋಡಿಯು ಚಾಕು ಮಡಚಿದಂತೆ ಮಡಚಿಕೊಳ್ಳುತ್ತದೆ. ಆದುದರಿಂದಲೇ ಯುರೋಪಿನ ದೇಶಗಳಲ್ಲಿ, ಭಾರಸಹಿತ 750 ಕಿಲೋಗ್ರಾಂ ಮೀರುವ ಹಿಂಬಂಡಿಗೆ ತನ್ನದೇ ಬ್ರೇಕು ಕಡ್ಡಾಯ. ಅಲ್ಲಿನ ಒಂದು ಸರಳ ಉಪಾಯ ಮೆಚ್ಚತಕ್ಕದ್ದು. ಕೊಂಡಿಯ ಹಿಂದೆ ಜಾರುವ ದಂಡವೊಂದಿರುತ್ತದೆ. ಮುಂದಿನ ವಾಹನ ನಿಧಾನವಾದಾಗ ಹಿಂಬಂಡಿಯು ಜಡತ್ವದಿಂದ ಮುಂದಕ್ಕೆ ನುಗ್ಗಿ ಈ ದಂಡವನ್ನು ಒತ್ತುತ್ತದೆ. ಆ ಒತ್ತುವಿಕೆಯೇ ಹಿಂಬಂಡಿಯ ಗಾಲಿಗಳಿಗೆ ಬ್ರೇಕು ಬಿಗಿಯುತ್ತದೆ. ನೂಕುವ ಬಲವೇ ನಿಲ್ಲಿಸುವ ಬಲವಾಗುತ್ತದೆ. ವಿದ್ಯುತ್ತಾಗಲಿ ಎಣ್ಣೆಯ ಕೊಳವೆಯಾಗಲಿ ಬೇಕಿಲ್ಲ.

ಈ ಲೆಕ್ಕವನ್ನು ಭೂಸನೂರು, ಹವಳಗಾಗಳ ಸಕ್ಕರೆ ಕಾರ್ಖಾನೆಗಳ ಹಾದಿಗೆ ಅನ್ವಯಿಸಿ ನೋಡಿ. 2 ಟನ್ನಿನ ಟ್ರ್ಯಾಕ್ಟರು ಬ್ರೇಕಿಲ್ಲದ ಎರಡು ಹಿಂಬಂಡಿಗಳಲ್ಲಿ ಕಬ್ಬು ಸಹಿತ 20 ಟನ್ನು ಎಳೆಯುತ್ತಿದೆ ಎಂದು ಭಾವಿಸಿರಿ. ಟ್ರ್ಯಾಕ್ಟರಿನ ಬ್ರೇಕು ತನ್ನ ತೂಕದ 0.6 ಪಾಲು ಬಲ ಕೊಡುತ್ತದೆ ಎಂದರೆ 11,760 ನ್ಯೂಟನ್. ಸಾಮಾನ್ಯವಾಗಿ ಹಿಂಗಾಲಿಗಳಿಗೆ ಮಾತ್ರ ಬ್ರೇಕಿರುವುದರಿಂದ ಇದು ಉದಾರವಾದ ಎಣಿಕೆ. ಹಿಂಬಂಡಿಗಳ ಉರುಳು ತಡೆ ಇನ್ನೊಂದು 3900 ನ್ಯೂಟನ್ ನೆರವಾಗಲಿ. ಒಟ್ಟು ಬಲವನ್ನು 22,000 ಕಿಲೋಗ್ರಾಮಿನಿಂದ ಭಾಗಿಸಿದರೆ ವೇಗಾಪಕರ್ಷ 0.71 ಮಾತ್ರ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರಿಯ ಟ್ರ್ಯಾಕ್ಟರು 6 ಮೀಟರಿನಲ್ಲಿ ನಿಲ್ಲುತ್ತದೆ. ಈ ಸಾಲು ನಿಲ್ಲಲು 49 ಮೀಟರ್ ಬೇಕು. ಅದೂ ಸಮತಟ್ಟಿನಲ್ಲಿ. ನೂರಕ್ಕೆ ಏಳರಂತೆ ಇಳಿಜಾರಿದ್ದರೆ ಗುರುತ್ವವು ಮುಂದಕ್ಕೆ ಜಗ್ಗುವ ಬಲ ಸುಮಾರು 15,000 ನ್ಯೂಟನ್. ನಿಲ್ಲಿಸುವ ಬಲವನ್ನೆಲ್ಲ ಅದೇ ನುಂಗಿಬಿಡುತ್ತದೆ. ನದಿಯ ಸೇತುವೆಗೆ ಇಳಿಯುವ ರಸ್ತೆಯಲ್ಲಿ ಇಂತಹ ಸಾಲಿನ ಮುಂದೆ ಮೋಟಾರು ಸೈಕಲ್ಲನ್ನು ತಟ್ಟನೆ ತಿರುಗಿಸುವ ವಿದ್ಯಾರ್ಥಿಗಳು ಈ ಅಂಕೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಖಾಲಿ ಹಿಂಬಂಡಿಯ ಮೇಲೆ ನಿದ್ದೆಹೋದ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಮರಳುವ ಕುಟುಂಬದ ರಕ್ಷಣೆಗೆ ಇರುವುದೂ ಟ್ರ್ಯಾಕ್ಟರಿನ ಅದೇ ಎರಡು ಬ್ರೇಕುಗಳು.

ಉಳಿದುದು ಓಲಾಟ. ವೇಗವಾಗಿ ಹೋಗುವಾಗ ಹಿಂಬಂಡಿಯು ಕೊಂಡಿಯ ಸುತ್ತ ಎಡಕ್ಕೂ ಬಲಕ್ಕೂ ತೂಗಾಡಲು ತೊಡಗಬಹುದು. ಕಡಿಮೆ ವೇಗದಲ್ಲಿ ಟೈರುಗಳ ಅಡ್ಡಘರ್ಷಣೆ ಈ ತೂಗಾಟವನ್ನು ಬೇಗ ಅಡಗಿಸುತ್ತದೆ. ವೇಗ ಹೆಚ್ಚಿದಂತೆ ಅಡಗಿಸುವ ಶಕ್ತಿ ಕುಗ್ಗುತ್ತದೆ. ಒಂದು ವೇಗವನ್ನು ದಾಟಿದರೆ ಪ್ರತಿ ತೂಗು ಹಿಂದಿನದಕ್ಕಿಂತ ದೊಡ್ಡದಾಗುತ್ತದೆ, ಯಾರೋ ಹಿಂದೆ ನಿಂತು ಜೋಕಾಲಿಯನ್ನು ಹೊತ್ತರಿತು ತಳ್ಳುತ್ತಿರುವಂತೆ. ಇದಕ್ಕೆ ಮುಖ್ಯ ಕಾರಣ ಹಿಂಬಂಡಿಯ ಗುರುತ್ವಕೇಂದ್ರ ಅದರ ಅಚ್ಚಿನ ಹಿಂದಕ್ಕೆ ಬಿದ್ದಿರುವುದು. ನಮ್ಮ ಬಂಡಿ ಹೊಡೆಯುವವರಿಗೆ ಇದು ಗೊತ್ತು. ಸಾಮಾನು ಹೇರುವಾಗ ‘ಹಿಂಭಾರ’ವಾದರೆ ಈಸು ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಬಿಗಿಯುತ್ತದೆ, ‘ಮುಂಭಾರ’ ಅತಿಯಾದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ. ನೊಗದ ಮೇಲೆ ತುಸುವೇ ಮುಂಭಾರ ಇರುವಂತೆ ಅವರು ಹೇರುತ್ತಾರೆ. ಕ್ಯಾಂಪರಿಗೂ ಅದೇ ನಿಯಮ. ಹಿಂಬಂಡಿಯ ತೂಕದ ನೂರರಲ್ಲಿ ಐದರಿಂದ ಹತ್ತು ಪಾಲು ಕೊಂಡಿಯ ಮೇಲೆ ಇರಬೇಕು. 1000 ಕಿಲೋಗ್ರಾಮಿಗೆ ನಾವು 80 ಎಂದು ಹಿಡಿದದ್ದು ಇದರಿಂದಲೇ. ಎಳೆಯುವ ವಾಹನವು ಹಿಂಬಂಡಿಗಿಂತ ಎಷ್ಟು ಭಾರವೋ, ಅದರ ಅಚ್ಚುಗಳ ನಡುವಿನ ದೂರ ಎಷ್ಟು ಹೆಚ್ಚೋ, ಕೊಂಡಿಯು ಹಿಂದಿನ ಅಚ್ಚಿಗೆ ಎಷ್ಟು ಹತ್ತಿರವೋ, ಓಲಾಟವನ್ನು ಅಷ್ಟು ಚೆನ್ನಾಗಿ ಅದು ತಡೆದುಕೊಳ್ಳುತ್ತದೆ. ಓಲಾಟ ತೊಡಗಿದಾಗ ವೇಗ ಹೆಚ್ಚಿಸುವುದೂ ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸುವುದೂ ಅದನ್ನು ಬೆಳೆಸುತ್ತವೆ. ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಬೇಕು.

ಹಾಗಾದರೆ ಸುಮೊದ ಬದಲಿಗೆ ಯಾವುದು? ಒಂದು ಟನ್ನಿನ ಹಿಂಬಂಡಿಗೆ ನಾನಾದರೆ ಹಿಂಚಾಲನೆಯ, ಚೌಕಟ್ಟುಳ್ಳ, ಎರಡು ಟನ್ನಿಗೆ ಹತ್ತಿರದ ವಾಹನವನ್ನು ಆರಿಸುವೆನು. ವರ್ಷದಲ್ಲಿ ಹಲವು ಬಾರಿ ಎರೆಹೊಲಕ್ಕೆ ಇಳಿಯುವುದಿದ್ದರೆ ನಾಲ್ಕು ಗಾಲಿಯ ಚಾಲನೆಯದು. ಎರಡು ವಾಹನಗಳ ನಡುವೆ ಹತ್ತಿಪ್ಪತ್ತು ಅಶ್ವಸಾಮರ್ಥ್ಯದ ವ್ಯತ್ಯಾಸಕ್ಕೆ ಕೊಡುವ ಹಣವನ್ನು ಹಿಂಬಂಡಿಗೆ ಬ್ರೇಕು ಹಾಕಿಸಲು ಬಳಸುವೆನು. ಹಿಂಬಂಡಿಯ ಭಾರ ಎರಡು ಟನ್ನು ದಾಟುವುದಾದರೆ ಕುಟುಂಬದ ವಾಹನದ ಮಾತನ್ನೇ ಬಿಡಬೇಕು.

ಮೇಲಿನ ಅಂಕೆಗಳೆಲ್ಲ ಊಹೆಯವು. ನಿಮ್ಮ ಮನೆಯ ವಾಹನದ ನಿಜವಾದ ಅಂಕೆಗಳನ್ನು ನೀವೇ ಪಡೆಯಬಹುದು. ಲಾರಿಗಳನ್ನು ತೂಗುವ ತೂಕದ ಕಟ್ಟೆಗೆ ವಾಹನವನ್ನು ಒಯ್ಯಿರಿ. ಮುಂದಿನ ಗಾಲಿಗಳನ್ನು ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಿ ಒಮ್ಮೆ, ಹಿಂದಿನ ಗಾಲಿಗಳನ್ನು ಮಾತ್ರ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ ಬರೆದುಕೊಳ್ಳಿರಿ. ಹಿಂಬಂಡಿಯನ್ನು ಕಟ್ಟಿ, ಅದರ ಗಾಲಿಗಳು ಕಟ್ಟೆಯ ಹೊರಗಿರುವಂತೆ ಮತ್ತೆ ಎರಡು ಬಾರಿ ತೂಗಿಸಿರಿ. ಮುಂದಿನ ಅಚ್ಚು ಎಷ್ಟು ಹಗುರಾಯಿತು, ಹಿಂದಿನದು ಎಷ್ಟು ಭಾರವಾಯಿತು ಎಂಬ ಎರಡು ಅಂಕೆಗಳ ವ್ಯತ್ಯಾಸವೇ ಕೊಂಡಿಯ ಮೇಲಿನ ಭಾರ. ಅಚ್ಚುಗಳ ನಡುವಿನ ದೂರವನ್ನು ಟೇಪಿನಿಂದ ಅಳೆದು, ಕೊಂಡಿಯು ಹಿಂದಿನ ಅಚ್ಚಿನಿಂದ ಎಷ್ಟು ದೂರದಲ್ಲಿರಬೇಕೆಂದು ಲೆಕ್ಕ ಹಾಕಿರಿ; ಆಮೇಲೆ ಅದನ್ನೂ ಅಳೆದು ನೋಡಿರಿ. ಎರಡೂ ಒಂದು ಗೇಣಿನೊಳಗೆ ಹೊಂದಿಕೊಂಡರೆ ನಿಮ್ಮ ಲೆಕ್ಕ ಸರಿ. ಹೊಂದದಿದ್ದರೆ ಕಟ್ಟೆಯ ನೆಲ ಸಮವಾಗಿದೆಯೇ ಎಂದು ಪರೀಕ್ಷಿಸಿ ಮತ್ತೊಮ್ಮೆ ತೂಗಿಸಿರಿ.